ಹನ್ನೊಂದು ಗಂಟೆಯ ನೀರು

ನಾನು ಒಂದು ಈಜುಕೊಳದ ನೀರು. ಆಷಾಢದ ಒಂದು ಮಧ್ಯಾಹ್ನ ಧಾರವಾಡದ ಒಂದು ಬಡಾವಣೆಯಲ್ಲಿ, ಸಮುದಾಯ ಕ್ರೀಡಾ ಕೇಂದ್ರದ ಚಾವಣಿಯ ಮೇಲೆ ಮಳೆಯಾಗಿ ಬಿದ್ದೆ. ಬಿದ್ದ ನೀರು ಹಳ್ಳ ಸೇರಬೇಕು, ಕೆರೆ ಸೇರಬೇಕು. ನನಗೆ ಸಿಕ್ಕಿದ್ದು ಒಂದು ಕೊಳವೆ. ಅದರ ಕೊನೆಗೆ ಈ ಕೊಳ.

ಇದು ಪರಿಸರಸ್ನೇಹಿ ಕೇಂದ್ರ. ನನಗೆ ಔಷಧಿ ಹಾಕುವುದಿಲ್ಲ. ಪಕ್ಕದ ಸಣ್ಣ ಹೊಂಡದಲ್ಲಿ ಜೊಂಡು ಬೆಳೆಸಿದ್ದಾರೆ. ಬಿಸಿಲಿನಿಂದ ಓಡುವ ಪಂಪು ನನ್ನನ್ನು ಅಲ್ಲಿಗೆ ತಳ್ಳುತ್ತದೆ. ಬೇರುಗಳು ನನ್ನ ಕೊಳೆ ತೆಗೆದು ವಾಪಸ್ಸು ಕಳಿಸುತ್ತವೆ. ಒಂದು ಹನಿಯೂ ಹಾಳಾಗುವುದಿಲ್ಲ ಎಂದು ನೋಡಲು ಬಂದವರೆಲ್ಲ ಹೊಗಳುತ್ತಾರೆ. ಏಳು ವರ್ಷದಿಂದ ನಾನು ಅದೇ ದಾರಿ ಸುತ್ತುತ್ತಿದ್ದೇನೆ.

ಹನ್ನೊಂದರಿಂದ ಹನ್ನೆರಡು ಹೆಂಗಸರ ಹೊತ್ತು. ಆಗ ಸುತ್ತಲೂ ಹಸಿರು ಪರದೆ ಇಳಿಬಿಡುತ್ತಾರೆ. ಆ ಹೊತ್ತಿಗೆ ಬರುವವರಲ್ಲಿ ನೀಲಾಂಬಿಕಾ ಒಬ್ಬಳು. ವಯಸ್ಸು ನಲವತ್ತೆಂಟು. ಮೊದಲ ತಿಂಗಳೆಲ್ಲ ಕಂಬಿ ಹಿಡಿದು ನಿಂತೇ ಇದ್ದಳು. ಒಂದು ದಿನ ಕೈಬಿಟ್ಟು ಅಂಗಾತ ತೇಲಿದಳು. ಅಷ್ಟು ಭಾರವನ್ನು ಅಷ್ಟು ನಂಬಿ ಯಾರೂ ನನ್ನ ಮೇಲೆ ಹಾಕಿರಲಿಲ್ಲ.

"ಮನ್ಯಾಗ ಏನಂತ ಹೇಳಿ ಬರ್ತಿ?" ಜೊತೆಗೆ ಈಜುವ ಖುರ್ಷಿದಾ ಕೇಳಿದಳು.

"ವಚನ ಹಾಡೂ ಕ್ಲಾಸಿಗಿ ಅಂತ."

"ಒಂದು ಹಾಡಿ ತೋರಸು ಅಂದ್ರ?"

"ಗುಳುಗುಳು ಅಂತ ಹಾಡ್ತೀನಿ," ಎಂದು ನೀಲಾಂಬಿಕಾ ಬಾಯಿಯನ್ನು ನನ್ನೊಳಗೆ ಅದ್ದಿದಳು. ಇಬ್ಬರೂ ನಕ್ಕರು.

ತೊಯ್ದ ತಲೆಯಲ್ಲಿ ಮನೆಗೆ ಹೋದರೆ ಅತ್ತೆಗೆ ತಿಳಿಯುತ್ತದೆ. ಅದಕ್ಕೇ ಅವಳು ಮನೆಯಿಂದಲೇ ತಲೆಗೆ ದಟ್ಟವಾಗಿ ಕೊಬ್ಬರಿ ಎಣ್ಣೆ ಮೆತ್ತಿಕೊಂಡು, ಮೇಲೆ ರಬ್ಬರಿನ ಟೊಪ್ಪಿಗೆ ಹಾಕಿಕೊಂಡು ಇಳಿಯುತ್ತಿದ್ದಳು. ಎಣ್ಣೆ ನನ್ನನ್ನು ಕೂದಲಿಗೆ ಹತ್ತಗೊಡುತ್ತಿರಲಿಲ್ಲ. ಆದರೆ ಎಣ್ಣೆ ಟೊಪ್ಪಿಗೆಯ ಅಂಚಿನಿಂದ ದಿನವೂ ಜಿನುಗುತ್ತಿತ್ತು. ನನಗದು ಮೈಮೇಲೆ ಹೊದಿಸಿದ ಹಾಳೆಯಂತೆ, ಉಸಿರು ಕಟ್ಟುತ್ತಿತ್ತು. ಯಾರಿಗೆ ಹೇಳಲಿ?

ಬೇಸಿಗೆಯಲ್ಲಿ ಬೇರಿಗೆಲ್ಲ ಎಣ್ಣೆ ಹತ್ತಿ ಜೊಂಡು ಹಳದಿಯಾಗಿ ಒರಗಿತು. ನಾನು ನಾರಿದೆ. ಎಂಟು ದಿನ ಕೇಂದ್ರ ಮುಚ್ಚಿದರು. ತೆರೆದ ದಿನ ವ್ಯವಸ್ಥಾಪಕ ಹೊಸಮನಿಯವರು ಹೆಂಗಸರನ್ನೆಲ್ಲ ದಂಡೆಯ ಮೇಲೆ ನಿಲ್ಲಿಸಿದರು.

"ಎಣ್ಣಿ ಹಚ್ಚಿಕೊಂಡು ಇಳಿಬ್ಯಾಡ್ರಿ ಅಂತ ಬೋರ್ಡ್ ಹಾಕೇವಿ. ಯಾರು ಇಳದ್ರಿ? ಹೇಳದಿದ್ರ ಇವತ್ತಿಂದ ಹೆಂಗಸರ ಬ್ಯಾಚ್ ಬಂದ್."

ಹೊಸಮನಿಯವರ ಕಣ್ಣು ಖುರ್ಷಿದಾಳ ಉದ್ದ ಜಡೆಯ ಮೇಲೆ ನಿಂತಿತು. ಅವಳು ನೀಲಾಂಬಿಕಾಳ ಕಡೆ ತಿರುಗಿ ಸಹ ನೋಡಲಿಲ್ಲ.

"ನಾನಽ ರೀ," ನೀಲಾಂಬಿಕಾ ಅಂದಳು. "ತಲಿ ತೊಯ್ಯಬಾರದಂತ ಹಚ್ಚಿಕೊಂಡಿದ್ದೆ."

ಅವರು ಒರಗಿದ ಜೊಂಡಿನ ಕಡೆ ಒಮ್ಮೆ ನೋಡಿದರು. "ಆತು. ಬ್ಯಾಚ್ ಇರ್ಲಿ. ಆದ್ರ ನೀವು ತಲಿ ತೊಳಕೊಂಡು ಇಳಿಯೂದಾದ್ರ ಬರ್ರಿ. ಇಲ್ಲಾಂದ್ರ ಬ್ಯಾಡ."

ಅವಳು ಅಲ್ಲೇ ನಿಂತಳು. ಮನೆಗೆ ಹೋಗಬಹುದಿತ್ತು. ನಲ್ಲಿಯ ಕೆಳಗೆ ಹೋಗಿ, ಸೀಗೆಕಾಯಿ ಪುಡಿ ಹಾಕಿ ತಲೆ ತಿಕ್ಕಿಕೊಂಡಳು. ಅಂದು ನಾನು ಮೊದಲ ಸಲ ಅವಳ ಕೂದಲ ಬುಡ ಮುಟ್ಟಿದೆ.

ಹನ್ನೆರಡಕ್ಕೆ ಅವಳ ಜಡೆಯಲ್ಲಿ ನಾನೂ ಗೇಟು ದಾಟಿದೆ. ದಾರಿಯುದ್ದಕ್ಕೂ ಹನಿಹನಿಯಾಗಿ ಬಿದ್ದೆ. ಬಾಗಿಲಲ್ಲಿ ಅತ್ತೆ ಅವಳ ಒದ್ದೆ ಬೆನ್ನನ್ನು ನೋಡಿದರು.

"ತಲಿ ಯಾಕ ತೊಯ್ದೈತಿ?"

"ಈಜಾಕ ಹೋಗಿದ್ನಿರಿ. ನಾಳೆನೂ ಹೋಗ್ತೀನ್ರಿ."

ಅತ್ತೆ ಏನಂದರೋ ಕೇಳಿಸಲಿಲ್ಲ. ಅಷ್ಟರಲ್ಲಿ ಬಿಸಿಲಿಗೆ ನಾನು ಆರಿಹೋದೆ.

ಕೊಳದಲ್ಲಿ ಉಳಿದ ನಾನು ಎರಡು ದಿನ ಮೆಟ್ಟಿಲು ನೋಡುತ್ತ ಕಾದೆ. ಅವಳು ಬರಲಿಲ್ಲ. ಮೂರನೆಯ ದಿನ ಬಂದಳು. ಕಣ್ಣು ಊದಿಕೊಂಡಿದ್ದವು.

"ಏನಂದ್ರು?" ಖುರ್ಷಿದಾ ಪಿಸುಗುಟ್ಟಿದಳು.

"ಎರಡು ದಿನ ಮಾತಽ ಆಡ್ಲಿಲ್ಲ. ಇವತ್ತು ಅಂದ್ರು, ಬರೂ ಮುಂದ ತಲಿ ಛಲೋತಂಗ ಒರಸ್ಕೊಂಡು ಬಾ, ನೆಲಾ ಹಸಿ ಆಗತೈತಿ ಅಂತ."

ಖುರ್ಷಿದಾ ನಕ್ಕ ರಭಸಕ್ಕೆ ನಾನು ದಂಡೆ ಹಾರಿದೆ. ಹನ್ನೆರಡಕ್ಕೆ ನೀಲಾಂಬಿಕಾ ಕೂದಲ ಎಳೆಎಳೆ ಬಿಡಿಸಿ ಒರೆಸಿಕೊಂಡಳು. ಟವೆಲನ್ನು ನನ್ನ ಮೇಲೆಯೇ ಹಿಂಡಿ, ಹಗುರವಾಗಿ ಗೇಟಿನ ಕಡೆ ನಡೆದಳು. ನನಗೆ ವಯಸ್ಸಾಗಿದೆ, ಹೊರಗೆ ಹೋಗಬಲ್ಲವರನ್ನು ಕಂಡು ಅಸೂಯೆಪಡಬಾರದು. ಪಂಪು ಕರೆಯಿತು. ಜೊಂಡಿನ ಕಡೆ ಹೊರಟೆ.