ಚಹಾಕ್ಕೆ ಹತ್ತು ಯೂರೋ

ಪರದೇಶದ ಲೆಟರ್‌ಕೆನ್ನಿ ಪೇಟೆಯಿಂದ ಹತ್ತು ಕಿಲೋಮೀಟರ್ ಆಚೆ ನಮ್ಮ ವೃದ್ಧಾಶ್ರಮ. ನಲವತ್ತು ಮಂದಿ ಮುದುಕರು. ಅವರನ್ನು ಎತ್ತಿ ಕೂರಿಸೋದು, ತೊಳೆಯೋದು, ಉಣಿಸೋದು ಕರ್ನಾಟಕದಿಂದ ಬಂದ ನಾವು ಏಳು ಜನ. ಆಶ್ರಮದ ಹಿಂದೆಯೇ ನಮಗೆ ಒಡತಿ ಕೊಟ್ಟ ಮನೆ. ಮೂರು ರೂಮು, ಏಳು ಹಾಸಿಗೆ, ಗೋಡೆ ತುಂಬ ಬೂಷ್ಟು. ನಮ್ಮಲ್ಲಿ ಹಿರಿಯಳಾದ ಬಸಲಿಂಗಮ್ಮಕ್ಕ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದಳು.

ಒಡತಿ ಮಿಸೆಸ್ ಹೆಗಾರ್ಟಿ. ಏನು ಹೇಳಿದರೂ ನಗುನಗುತ್ತಾ "ಗ್ರ್ಯಾಂಡ್, ಗ್ರ್ಯಾಂಡ್", ಎಲ್ಲಾ ಚೆನ್ನ, ಅನ್ನೋಳು. ಬಾಡಿಗೆ ಸಂಬಳದಲ್ಲೇ ಮುರಿಯುತ್ತಿದ್ದಳು. ಆಮೇಲೆ ಯೂನಿಫಾರ್ಮ್ ಒಗೆಯೋಕೆ ಅಂತ ಮುರಿದಳು. ಸುಮ್ಮನಿದ್ದೆವು. ಫೆಬ್ರವರಿಯಲ್ಲಿ ಅಡುಗೆಮನೆ ಬಾಗಿಲಿಗೆ ಒಂದು ಚೀಟಿ ಬಿತ್ತು. ನಮ್ಮ ಹಾಗೆ ಕೆಲಸದ ಪರ್ಮಿಟ್ ಮೇಲೆ ಬಂದವರು ಬ್ರೇಕಿನ ಚಹಾಕ್ಕೆ ತಿಂಗಳಿಗೆ ಹತ್ತು ಯೂರೋ ಕೊಡಬೇಕು, ಸ್ಟಾಫ್ ಕಮಿಟಿ ಒಪ್ಪಿದೆ.

"ಹತ್ತೇ ತಾನೆ, ಕೊಟ್ಟಾಕೋಣ ಬಿಡಕ್ಕ," ಅಂದ ಚಿಕ್ಕಣ್ಣ. ತುಮಕೂರು ಕಡೆಯವನು. ಜಗಳ ಅಂದರೆ ಮೈಲಿ ದೂರ.

ಅಕ್ಕ ಕಲಬುರ್ಗಿಯವಳು. "ಹತ್ತೋ ನೂರೋ, ಅದಲ್ಲೋ ತಮ್ಮ. ಆ ಕಮಿಟ್ಯಾಗ ನಮ್ಮವರು ಯಾರರೆ ಅದಾರೇನು? ಕೂಡೋರು ಅವರು, ಕಟ್ಟೋರು ನಾವು. ಯಾವ ಊರ ನ್ಯಾಯ ಇದು?"

"ನಮ್ಮನ್ನ ಯಾರು ಕೇಳ್ತಾರಕ್ಕ?"

"ಕೇಳಲಿಲ್ಲಂದ್ರ ನಾವೇ ಕೇಳೂನು. ಸಿಂಧು, ಪೆನ್ನು ತಗೀ."

ನಾನು ಬರೆದೆ. ಕಮಿಟಿಯಲ್ಲಿ ನಮಗೊಂದು ಕುರ್ಚಿ ಕೊಡಿ, ಅಷ್ಟೇ. ಏಳು ಜನವೂ ಸಹಿ ಹಾಕಿ, ಅವತ್ತಿನಿಂದ ಅಲ್ಲಿಯ ಚಹಾ ಮುಟ್ಟಲಿಲ್ಲ. ಬಿಸಿನೀರು ಕುಡಿದೆವು. ಚಹಾದ ದುಡ್ಡನ್ನು ಮಾತ್ರ ಒಡತಿ ಮುರಿದೇ ಮುರಿದಳು.

ವಾರದ ಮೇಲೆ ಉತ್ತರ ಬಂತು. ಪರ್ಮಿಟ್‌ನವರಿಗೆ ಕುರ್ಚಿ ಇಲ್ಲ. ಮರುದಿನ ಸ್ಟಾಫ್ ರೂಮಿಗೂ ನಮ್ಮನ್ನು ಬಿಡಲಿಲ್ಲ. ಮಳೆಯಲ್ಲಿ ಸೈಕಲ್ ಶೆಡ್ಡಿನಲ್ಲಿ ಕೂತು ತಣ್ಣನೆ ಚಪಾತಿ ತಿಂದೆವು.

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಚಿಕ್ಕಣ್ಣ ಸ್ನಾನ ಮುಗಿಸಿ ಟವೆಲ್ಲಿನಲ್ಲಿ ನಿಂತಿದ್ದ. ಹೆಗಾರ್ಟಿ ಕದ ತಟ್ಟದೆ ತನ್ನ ಕೀಲಿಯಿಂದ ಒಳಗೆ ಬಂದಳು. ಮಂಚದ ಕೆಳಗೆ ಬಗ್ಗಿ ನೋಡಿದಳು, ಪೆಟ್ಟಿಗೆ ತೆಗೆಸಿದಳು. ಅವನು ಏನೋ ಹೇಳಹೋದರೆ "ಇದು ನನ್ನ ಮನೆ" ಅಂದು ಹೊರಟುಹೋದಳು.

ಚಿಕ್ಕಣ್ಣ ಅಂಗಿ ತೊಟ್ಟು ಪೆಟ್ಟಿಗೆ ಮುಚ್ಚಿದ. ಆಮೇಲೆ ಅಂದ, "ಅಕ್ಕ, ಇನ್ನು ಈ ಮನೇಲಿ ನಾನಿರಾಕಿಲ್ಲ."

ಮನೆ ಬಿಟ್ಟದ್ದಕ್ಕೆ ಕೆಲಸ ಹೋಗಿ ಪರ್ಮಿಟ್ಟೂ ಹೋದರೆ ಅನ್ನೋ ಹೆದರಿಕೆ ಎಲ್ಲರಿಗೂ ಇತ್ತು. ನಾನು ಊರಿನ ಯೂನಿಯನ್ ಆಫೀಸಿಗೆ ಹೋಗಿ ಕೇಳಿದೆ. ಕೆಲಸಕ್ಕೆ ಸೇರಿ ಒಂಬತ್ತು ತಿಂಗಳು ದಾಟಿದವರು ಪರ್ಮಿಟ್ ಉಳಿಸಿಕೊಂಡೇ ಬೇರೆ ಕಡೆ ಕೆಲಸ ಹುಡುಕಿಕೊಳ್ಳಬಹುದಂತೆ. ನಾವು ಬಂದು ವರ್ಷ ಕಳೆದಿತ್ತು! ಒಬ್ಬರೂ ಹೇಳಿರಲಿಲ್ಲ. ಆ ವಾರವೇ ಏಳು ಜನವೂ ಅಲ್ಲಿ ಸದಸ್ಯರಾದೆವು, ಒಡತಿಯ ಮೇಲೆ ದೂರೂ ಕೊಟ್ಟೆವು.

ಅಕ್ಕ ದಿನಾ ಉಣಿಸುತ್ತಿದ್ದ ಅಜ್ಜನೊಬ್ಬನ ಮಗಳಿಗೆ ಸುದ್ದಿ ಗೊತ್ತಾಯಿತು. "ಅಪ್ಪನ ಮನೆ ಖಾಲಿ ಬಿದ್ದಿದೆ. ಬಾಡಿಗೆಗೆ ತಗೊಳ್ಳಿ," ಅಂದಳು.

ಶನಿವಾರ ಬೆಳಿಗ್ಗೆ ಹಾಸಿಗೆ, ಪಾತ್ರೆ ಹೊತ್ತು ಹೊರಟೆವು. ಹೆಗಾರ್ಟಿ ಓಡಿ ಬಂದಳು.

"ಚಹಾದ ದುಡ್ಡು ಇನ್ನು ಮುರಿಯಲ್ಲ. ಕುರ್ಚೀನೂ ಕೊಡ್ತೀನಿ, ಸರಿನಾ?"

ಅದನ್ನು ಅಕ್ಕನಿಗೆ ನಾನು ಕನ್ನಡದಲ್ಲಿ ಹೇಳಿದೆ. ಅಕ್ಕ ತಲೆಮೇಲಿನ ಗಂಟು ಇಳಿಸಲಿಲ್ಲ.

"ಫೆಬ್ರವರಿದಾಗ ಕೊಟ್ಟಿದ್ರ ಕೈಮುಗದು ತಗೊಂತಿದ್ವಿ. ಈಗ ಆ ಮಾತು ದಾಟಿ ಬಂದೀವಿ." ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ.

"ಪರ್ಮಿಟ್ ನಾನು ಕೊಡಿಸಿದ್ದು. ನೆನಪಿರಲಿ."

ಚಿಕ್ಕಣ್ಣ ನನಗಾಗಿ ಕಾಯಲಿಲ್ಲ. ತನ್ನ ಹರಕು ಇಂಗ್ಲಿಷಿನಲ್ಲೇ, "ಒಂಬತ್ತು ತಿಂಗಳು ಆಯ್ತು ಮೇಡಂ," ಅಂದು ಮುಂದೆ ನಡೆದ.

ಎರಡು ಗಂಟೆಯ ಶಿಫ್ಟಿಗೆ ಸರಿಯಾಗಿ ವಾಪಸ್ ಬಂದೆವು. ಮುದುಕರನ್ನು ಉಪವಾಸ ಕೆಡವೋ ಜನ ಅಲ್ಲ ನಾವು. ಹೆಗಾರ್ಟಿ ಬಾಗಿಲಲ್ಲೇ ನಿಂತಿದ್ದಳು. ಅಕ್ಕ ಏಪ್ರನ್ ಕಟ್ಟಿಕೊಳ್ಳುತ್ತಾ ಅಂದಳು:

"ಎರಡರಿಂದ ಹತ್ತರ ತನಕ ನಿಮ್ಮ ಕೆಲಸ ಮಾಡ್ತೀವಿ. ಅದಾದ ಮ್ಯಾಲ ನಮಗ ನಾವೇ ಒಡೆಯರು. ಹೇಳವ್ವ ಸಿಂಧು, ಆಕಿಗಿ ತಿಳಿಯೂಹಂಗ ಹೇಳು."

ಹೇಳಿದೆ. ಒಂದಕ್ಷರವನ್ನೂ ಮೆತ್ತಗೆ ಮಾಡಲಿಲ್ಲ.