ಬುಡದೆಲೆಯ ಕೆಂಪಣ್ಣ

ಕ್ಯಾತನಹಳ್ಳಿಯ ಕೆಂಪಣ್ಣ ಯಾರ ಬೆಳೆಯನ್ನೂ ತಲೆಯೆತ್ತಿ ನೋಡಿದವನಲ್ಲ. ಜನ ಗದ್ದೆಯ ಬದುವಿನಲ್ಲಿ ನಿಂತು ಕಬ್ಬಿನ ಸುಳಿಯ ಹಸಿರನ್ನು ಕಣ್ತುಂಬ ಸವಿಯುತ್ತಿದ್ದರೆ, ಇವನು ಸೊಂಟ ಬಗ್ಗಿಸಿ, ಕಳೆದುಹೋದ ಮೂಗುಬೊಟ್ಟು ಹುಡುಕುವವನ ಹಾಗೆ ಬುಡದ ಸಂದಿಯಲ್ಲಿ ಇಣುಕುತ್ತ ಸಾಗುತ್ತಾನೆ. ಮಗಳ ಮದುವೆಗೆ ಹೊಲಿಸಿದ ಕಂದು ಕೋಟು ಈಗ ಅವನ ನಿತ್ಯದ ಉಡುಪು. ಅದರ ಜೇಬಿನ ತುಂಬ ಅಂಚು ಸುಟ್ಟ ಎಲೆಗಳದೇ ಸಂಸಾರ. ಒಗೆಯುವ ಮುನ್ನ ಅದನ್ನು ಕೊಡವುವುದು ಹೆಂಡತಿ ಮಾಯಮ್ಮನಿಗೆ ಅಭ್ಯಾಸವಾಗಿದೆ, ಬೈಯುವುದು ಮಾತ್ರ ಇನ್ನೂ ನಿಂತಿಲ್ಲ. ಎದುರಾದವರು ಮಳೆಯ ಸುದ್ದಿ ಎತ್ತಲಿ, ಎಲೆಕ್ಷನ್ನಿನ ಸುದ್ದಿ ಎತ್ತಲಿ, ಅವನದು ಒಂದೇ ಪ್ರಶ್ನೆ: “ಅದ್ಸರಿ ಬುಡ್ಲಾ, ಬುಡದೆಲೆ ಎಂಗದೆ?”

ಪೊಟ್ಯಾಷ್ ಸಾಲದೆ ಹೋದರೆ ಗಿಡ ತನ್ನ ಗುಟ್ಟು ಬಿಟ್ಟುಕೊಡುವುದು ಬುಡದಲ್ಲಿಯೇ ಎಂಬುದು ಅವನ ಪಾಲಿನ ವೇದ. ಹಳೆಯ ಎಲೆಯಲ್ಲಿದ್ದುದನ್ನು ಸೆಳೆದು ಎಳೆಯದಕ್ಕೆ ಉಣಿಸುವುದರಿಂದ ಮೇಲೆ ಹಸಿರು ನಳನಳಿಸುತ್ತಿರುತ್ತದೆ, ಕೆಳಗೆ ಅಂಚು ಹಳದಿಯಾಗಿ ಕರಟುತ್ತಿರುತ್ತದೆ. ಯೂರಿಯ ಚೆಲ್ಲಿದರೆ ವಾರದೊಳಗೆ ಹೊಲ ಮಿಂಚುತ್ತದೆ. ಪೊಟ್ಯಾಷ್ ಕಾಂಡದ ಗಟ್ಟಿತನದಲ್ಲಿ, ಕಾಯಿಯ ತೂಕದಲ್ಲಿ, ರೋಗ ತಡೆಯುವ ಕಸುವಿನಲ್ಲಿ ಸದ್ದಿಲ್ಲದೆ ದುಡಿಯುವುದರಿಂದ ಅದನ್ನು ಕೇಳುವವರಿಲ್ಲ ಎಂದು ಕೊರಗುತ್ತಾನೆ. ಊರಿನಲ್ಲಾದರೆ ಮುಖಕ್ಕೇ ಹೇಳಿಬಿಡುತ್ತಾನೆ: “ಲೇ, ನಿನ್ ಗದ್ದೆ ಅಸ್ಕೊಂಡದೆ ಕಣ್ಲಾ.” ಅದಕ್ಕೆ ಯಾರೂ ಮುನಿಯುವುದಿಲ್ಲ.

ಮುನಿಯುವ ಜಾಗ ಬೇರೆ. ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಗೆ ಕೊಟ್ಟ ಮಗಳು ಕವಿತ, ಪಾಲಿಗೆ ಬಂದ ತುಂಡು ನೆಲದಲ್ಲಿ ಗಂಡನೊಡನೆ ಮೊದಲ ಬಾರಿಗೆ ಬಾಳೆ ಇಟ್ಟಿದ್ದಳು. ಗೊಬ್ಬರದ ಯಜಮಾನಿಕೆ ಮಾತ್ರ ಅವಳ ಮಾವ ಚೆಲುವಯ್ಯನದು. ನೋಡಲು ಬಂದ ಕೆಂಪಣ್ಣನನ್ನು ತೋಟಕ್ಕೆ ಕರೆದೊಯ್ದು, “ನೋಡಿ ಬೀಗ್ರೇ, ಯೂರಿಯ ಕೊಟ್ಟು ಎಂಗೆ ಎಬ್ಸಿವ್ನಿ! ಪೊಟ್ಯಾಷ್ ಆಕುದ್ರೆ ಕಣ್ಗೆ ಏನ್ ಕಾಣ್ತದೆ?” ಎಂದು ಚೆಲುವಯ್ಯ ಮೀಸೆ ತಿರುವಿದ. ಕೆಂಪಣ್ಣ ಬುಡ ನೋಡಿದ. ಎಲೆಯ ಅಂಚೆಲ್ಲ ಬೆಂಕಿ ಸವರಿದಂತೆ ಕರಟಿತ್ತು. ಗೊನೆ ಬರುವ ಮುಂಚೆ ಉಣಿಸದಿದ್ದರೆ ಕಾಯಿ ಬೆರಳಿನಷ್ಟಕ್ಕೇ ನಿಂತು, ಮಗಳ ಬೆವರೆಲ್ಲ ಮಣ್ಣುಪಾಲು. ಆದರೆ ಹೆಣ್ಣು ಕೊಟ್ಟವನು ಬೀಗರ ನೆಲ ಹಸಿದಿದೆ ಎಂದರೆ, ಸೊಸೆಯನ್ನೂ ಹಸಿವಿನಲ್ಲಿಟ್ಟಿದ್ದೀರಿ ಎಂದಂತೆಯೇ ಲೆಕ್ಕ. ನಾಲಿಗೆ ಕಚ್ಚಿಕೊಂಡು “ಚೆಂದಾಗದೆ” ಎಂದುಬಿಟ್ಟ. ಆಮೇಲೆ ಬಹಳ ದಿನ ಅವನಿಗೆ ಅನ್ನ ಸೇರಲಿಲ್ಲ.

ಗೌರಿಹಬ್ಬ ಬಂತು. ತವರಿನ ಬಾಗಿನ ಕೊಡಲು ಹೋದ ಕೆಂಪಣ್ಣ ಮೊಪೆಡ್ಡಿನಿಂದ ಮೊರ, ಸೀರೆ, ಬಳೆಗಳ ಜೊತೆಗೆ ಒಂದು ಮೂಟೆ ಪೊಟ್ಯಾಷನ್ನೂ ಇಳಿಸಿ, ತಾನೇ ಹೊತ್ತು ತಂದು ನಡುಮನೆಯಲ್ಲಿಟ್ಟ.

“ಇದೇನ್ ಬೀಗ್ರೇ, ನಮ್ಮನೇಲಿ ಗೊಬ್ರುಕ್ಕೂ ಗತಿ ಇಲ್ಲ ಅನ್ಕಂಡ್ರಾ?” ಚೆಲುವಯ್ಯನ ದನಿ ಏರಿತು.

“ನಿಮ್ಗಲ್ಲ ಬೀಗ್ರೇ, ನನ್ ಮಗ್ಳಿಗೆ. ಇದೂ ಬಾಗ್ನವೇಯ,” ಎಂದ ಕೆಂಪಣ್ಣ. ಕೈ ಮುಗಿದು ನಿಂತ.

ತವರಿನ ಬಾಗಿನವನ್ನು ಬೇಡ ಎನ್ನುವ ಮನೆ ಈ ಸೀಮೆಯಲ್ಲಿಲ್ಲ. ಕವಿತ ಮೂಟೆಗೂ ಅರಿಸಿನ ಕುಂಕುಮ ಇಟ್ಟು ಒಳಗೆ ಸೇರಿಸಿಕೊಂಡಳು. ಹಬ್ಬ ಕಳೆದ ಮೇಲೆ ಗಿಡಗಿಡದ ಸುತ್ತ ಅದನ್ನು ಹಾಕಿ, ಮಣ್ಣು ಮುಚ್ಚಿ, ನೀರು ಬಿಟ್ಟಳು. ಚೆಲುವಯ್ಯ ಬಾಗಿನದ ದಿನ ಬೀಗರ ಪಂಕ್ತಿಯಲ್ಲಿ ಊಟಕ್ಕೆ ಕೂತಿರಲಿಲ್ಲ.

ಸುಟ್ಟ ಎಲೆ ಹಸಿರಾಗಲಿಲ್ಲ, ಅದು ಆಗುವುದೂ ಇಲ್ಲ. ಹೊಸ ಎಲೆಗಳು ಮಾತ್ರ ಅಂಚು ಕೆಡದೆ ಬಂದವು. ಗೊನೆಗಳು ತುಂಬಿ ತೂಗಿದವು. ಬಂದವರಿಗೆಲ್ಲ ಚೆಲುವಯ್ಯ ಇವತ್ತಿಗೂ ಅದು ತನ್ನ ಯೂರಿಯದ ಮಹಿಮೆ ಎಂದೇ ತೋರಿಸುತ್ತಾನೆ. ಪಕ್ಕದಲ್ಲಿ ನಿಂತ ಕೆಂಪಣ್ಣ, ಓರೆಗಣ್ಣಲ್ಲಿ ಮಗಳ ನಗು ನೋಡುತ್ತ, “ಊ ಕಣ್ ಬೀಗ್ರೇ, ಯೂರಿಯಾನೇಯ” ಎಂದು ತಲೆಯಾಡಿಸುತ್ತಾನೆ.

ಹೆಣ್ಣು ಹೆತ್ತ ಇಂಥವರಿಗೆ ತಮ್ಮ ಮಾತು ಗೆಲ್ಲಬೇಕೆಂಬ ಹಟ ಇಲ್ಲವೆಂದಲ್ಲ, ಇದೆ, ಬೆಟ್ಟದಷ್ಟಿದೆ. ಮಗಳು ಬಾಳುವ ಮನೆಯ ಹೊಸ್ತಿಲಿಗೆ ಬಂದಾಗ ಮಾತ್ರ ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ.