ಪಿಲೋಯನ ಪೆಟ್ಟಿಗೆಯ ಮೇಲಿನ ಬಾವುಟ

ಸಾವಿನ ಮನೆಗೆ ಬಂದವರನ್ನು ಬಾಗಿಲವರೆಗೆ ಹೋಗಿ ಕಳಿಸಿಕೊಡಬಾರದು. ಕಳಿಸಲೆಂದು ಮನೆಯವರು ಎದ್ದರೆ ಸಾವೂ ಎದ್ದು, ಬಂದವರ ಹಿಂದೆಯೇ ನಡೆದು ಅವರ ಮನೆ ಸೇರುತ್ತದೆ. ಇದು ಫೆಲಿಸಾಗೆ ಗೊತ್ತಿಲ್ಲದ್ದೇನಲ್ಲ. ಆದರೂ ಪಕ್ಕದ ಮನೆಯ ಪಾಸಿಂಗ್ ಅಜ್ಜಿ ಮೂರು ದಿನದಿಂದ ಬಡಬಡಿಸುತ್ತಲೇ ಇದ್ದಳು.

"ಕೂತ್ಕೋ ಫೆಲಿಸಾ. ಹೋಗೋರು ಹೋಗ್ತಾರೆ. ನೀನು ಏಳ್ಬೇಡ."

ಹಾಗಾಗಿ ಬಂದವರು ಕಾಫಿ ಕುಡಿದು, ಬಿಸ್ಕತ್ತು ತಿಂದು, ಅಂಗಳದಲ್ಲಿ ಒಂದೆರಡು ಆಟ ಇಸ್ಪೀಟು ಆಡಿ, ಹೇಳದೆ ಕೇಳದೆ ಎದ್ದು ಹೋಗುತ್ತಿದ್ದರು. ಫೆಲಿಸಾ ಗಂಡನ ಶವಪೆಟ್ಟಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಕದಲಿರಲಿಲ್ಲ. ಪೆಟ್ಟಿಗೆಯ ಗಾಜಿನ ಕೆಳಗೆ ಪಿಲೋಯ್ ಬಿಳಿ ಅಂಗಿ ತೊಟ್ಟು ಮಲಗಿದ್ದ. ಮೂವತ್ತು ವರ್ಷ ಸರ್ಕಾರಿ ಎಂಜಿನಿಯರ್ ಆಗಿ ದುಡಿದವನು. ಸೇರಿದ ಹುದ್ದೆಗಿಂತ ಒಂದೇ ಒಂದು ಮೆಟ್ಟಿಲು ಮೇಲೆ ಸತ್ತವನು.

ಮೂರನೆಯ ದಿನ ಮಧ್ಯಾಹ್ನ ಗೇಟಿನ ಮುಂದೆ ಎರಡು ದೊಡ್ಡ ಬಿಳಿ ಗಾಡಿಗಳು ಬಂದು ನಿಂತವು. ಕಸೂತಿಯ ಬಾರೋಂಗ್ ಅಂಗಿ ತೊಟ್ಟ ಏಳು ಜನ ಇಳಿದರು. ಇಸ್ಪೀಟಿನವರು ಎಲೆ ಕೆಳಗಿಟ್ಟು ಎದ್ದು ನಿಂತುಬಿಟ್ಟರು. ಏಕೆಂದರೆ ಮುಂದೆ ನಡೆದು ಬರುತ್ತಿದ್ದವನು ಅರ್ನುಲ್ಫೋ, ಇಡೀ ಪ್ರಾಂತ್ಯದ ರಸ್ತೆ ಸೇತುವೆಗಳಿಗೆಲ್ಲ ಹಿರಿಯ ನಿರ್ದೇಶಕ. ಅವನ ಹಿಂದೆ ಒಬ್ಬ ಮಡಚಿದ ಕೆಂಪು ಬಾವುಟವೊಂದನ್ನು ಎರಡೂ ಅಂಗೈ ಮೇಲೆ ಹೊತ್ತಿದ್ದ. ಮತ್ತೊಬ್ಬನ ಕೈಯಲ್ಲಿ ಕ್ಯಾಮೆರಾ.

"ಅತ್ತಿಗೆ," ಅಂದ ಅರ್ನುಲ್ಫೋ, ಗದ್ಗದಿತನಾಗಿ.

ಅತ್ತಿಗೆಯಂತೆ! ಆ ಮಾತು ಅವನ ಬಾಯಿಂದ ಕೇಳಿ ಇಪ್ಪತ್ತಾರು ವರ್ಷ ಆಗಿತ್ತು.

ಇಲೋಇಲೋ ಪಟ್ಟಣದ ಕಾಲೇಜಿನಲ್ಲಿ ಓದುವಾಗ ಪಿಲೋಯ್, ಅರ್ನುಲ್ಫೋ ಇಬ್ಬರೂ ಒಂದೇ ದಿನ ವಿದ್ಯಾರ್ಥಿಗಳ ಗುಪ್ತ ಸಂಘ ಸೇರಿದವರು. ಕಣ್ಣಿಗೆ ಬಟ್ಟೆ ಕಟ್ಟಿ, ಮರದ ಹಲಗೆಯಿಂದ ತೊಡೆಗೆ ಬಾರಿಸಿ, ನೀಲಿಗಟ್ಟಿದ ಮೇಲೆ ಅಪ್ಪಿಕೊಂಡು 'ಬ್ರಾಡ್', ಅಂದರೆ ಅಣ್ಣತಮ್ಮ, ಅಂದರು. ಪಿಲೋಯ್ ಎರಡು ವಾರ ಬೋರಲು ಮಲಗಿ ಉಂಡನಂತೆ. ಪೆಟ್ಟು ತಿಂದದ್ದು ಸಾರ್ಥಕವೂ ಆಯಿತೆನ್ನಿ. ಮೊದಲ ಸಂದರ್ಶನದಲ್ಲಿ ಮೇಜಿನಾಚೆಯ ಸಾಹೇಬ ಕೈಕುಲುಕುವಾಗ ಸಂಘದ ಗುಟ್ಟಿನ ಗುರುತಿನಂತೆ ಎರಡು ಬೆರಳು ಮಡಚಿದ, ಇವನೂ ಮಡಚಿದ. ಮೂರೇ ದಿನಕ್ಕೆ ನೌಕರಿ. ಫೆಲಿಸಾಳ ಶಾಲೆಯ ವರ್ಗಾವಣೆ ವರ್ಷಗಟ್ಟಲೆ ಕೊಳೆಯುತ್ತಿತ್ತು. ಯಾರೋ ಬ್ರಾಡ್ ಮಾಡಿದ ಒಂದು ಫೋನಿಗೆ ಅದೂ ಆಯಿತು. ಆಗ ಅವಳಿಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಬೇಕು?

ಆಮೇಲೆ ಬಾಲುಗೋ ಸೇತುವೆ ಬಂತು. ಗುತ್ತಿಗೆದಾರ ಬ್ರಾಡ್, ಮೇಲಧಿಕಾರಿ ಬ್ರಾಡ್, ಪರೀಕ್ಷಿಸಿ ಸಹಿ ಹಾಕಬೇಕಾದ ಪಿಲೋಯನೂ ಬ್ರಾಡ್. ಅರ್ನುಲ್ಫೋ ಇದೇ ಮನೆಯಲ್ಲಿ ಊಟಕ್ಕೆ ಕೂತು ಹೇಳಿದ್ದ: "ಒಂದು ಸಹಿ ಬ್ರಾಡ್. ಅಷ್ಟೇ." ಪಿಲೋಯ್ ಮೀನಿನ ಮುಳ್ಳು ಬಿಡಿಸುತ್ತಾ, "ಕಂಬಿ ಸಣ್ಣ ಇದೆ ಕಣೋ," ಅಂದಿದ್ದ. ಎರಡು ಸಲ ಕೇಳಿದರೂ ಅದೇ ಉತ್ತರ.

ಬೇರೆ ಯಾರೋ ಸಹಿ ಹಾಕಿದರು, ಸೇತುವೆ ಎದ್ದಿತು. ಪಿಲೋಯನನ್ನು ಗದ್ದೆ ಕಾಲುವೆ ಅಳೆಯಲು ಅಟ್ಟಿದರು. ಅದೇ ತಿಂಗಳು ಮಗಳು ಲೀಸೆಲ್‌ಗೆ ಜ್ಞಾನಸ್ನಾನ. ಧರ್ಮಪಿತರಾಗುತ್ತೇವೆಂದು ಮಾತು ಕೊಟ್ಟಿದ್ದ ಮೂವರು ಬ್ರಾಡ್‌ಗಳಲ್ಲಿ ಒಬ್ಬನೂ ಇಗರ್ಜಿಗೆ ಬರಲಿಲ್ಲ. ಮೂವರಲ್ಲಿ ಅರ್ನುಲ್ಫೋ ಮೊದಲನೆಯವನು. ಕೊನೆಗೆ ಗಂಟೆ ಬಾರಿಸುವ ಮುದುಕನೇ ಮಗುವನ್ನು ಎತ್ತಿಕೊಂಡ. ಬಂಧುಗಳಿಗೆಂದು ಮಾಡಿದ ಶಾವಿಗೆಯ ಪಾನ್ಸಿತ್ ಅನ್ನು ಮನೆಯವರೇ ಮೂರು ಹೊತ್ತು ತಿಂದರು.

ಈಗ ಇವರಿಗೆ ಪಿಲೋಯ್ ಯಾಕೆ ನೆನಪಾದ? ಕಾರಣ ಇತ್ತು. ಹೋದ ಮಾರ್ಚಿನಲ್ಲಿ ಬಾಲುಗೋ ಸೇತುವೆಯ ನಡು ಕುಸಿದು ದಾರಿ ಮುಚ್ಚಿದರು. ಒಬ್ಬ ಎಂಜಿನಿಯರ್ ಮಾತ್ರ ಅಂದೇ ಸಹಿ ಹಾಕಲು ಒಪ್ಪಿರಲಿಲ್ಲವೆಂದು ಪೇಪರಿನವರು ಬರೆದರು. ಮುಂದಿನ ತಿಂಗಳು ಸಂಘದ ಹಳೆಯ ವಿದ್ಯಾರ್ಥಿಗಳ ಅಧ್ಯಕ್ಷ ಚುನಾವಣೆ, ಅರ್ನುಲ್ಫೋ ಉಮೇದುವಾರ. ಇದ್ದಾಗ ಹಲ್ಲುಕಡ್ಡಿಯಷ್ಟೂ ಬೆಲೆ ಕೊಡದವರು ಸತ್ತ ಮೇಲೆ ಹೊತ್ತು ಮೆರೆಸಲು ಬಂದಿದ್ದರು.

ಕೇಳುವ ಗೊಡವೆಗೇ ಹೋಗದೆ ಬಾವುಟ ಬಿಚ್ಚಿ ಪೆಟ್ಟಿಗೆಯ ಮೇಲೆ ಹಾಸಿದರು. ಸಂಘದ ಹೆಸರಿನ ಬಂಗಾರದ ಮೂರು ಗ್ರೀಕ್ ಅಕ್ಷರಗಳ ಕೆಳಗೆ ಪಿಲೋಯನ ಮುಖ ಮುಚ್ಚಿಹೋಯಿತು.

"ಅರ್ಧ ಗಂಟೆ ಅತ್ತಿಗೆ," ಅಂದ ಅರ್ನುಲ್ಫೋ. "ಮನೆಯವರು ಸ್ವಲ್ಪ ಹೊರಗಡೆ ಇರ್ಬೇಕು. ಬಾಗಿಲು ಹಾಕ್ಕೊಂಡು ಮೂರು ಸಲ ಅವನ ಹೆಸರು ಕೂಗ್ತೀವಿ, ಅದು ನಮ್ಮ ಪದ್ಧತಿ. ನಾಳೆ ಇಗರ್ಜಿಗೂ ಬಾವುಟದ ಕೆಳಗೇ ಹೋಗ್ಲಿ. ಪಿಲೋಯ್ ನಮ್ಮ ಸಂಘದ ಹೆಮ್ಮೆ."

ಅವನು ಬಾಗಿ, ದನಿ ತಗ್ಗಿಸಿದ. "ಲೀಸೆಲ್ ನೌಕರಿ ಅರ್ಜಿ ನನ್ನ ಮೇಜಿನ ಮೇಲಿದೆ. ಸೋಮವಾರ ಸಹಿ ಹಾಕ್ತೀನಿ. ಎಷ್ಟಾದ್ರೂ ನನ್ನ ಧರ್ಮಪುತ್ರಿ ಅಲ್ವಾ?"

ಫೆಲಿಸಾ ಮಗಳ ಕಡೆ ನೋಡಿದಳು. ಲೀಸೆಲ್ ಎಂಜಿನಿಯರಿಂಗ್ ಪರೀಕ್ಷೆ ಪಾಸಾಗಿ ಎರಡು ವರ್ಷ ಆಗಿತ್ತು. ಐದು ಅರ್ಜಿ ಹಾಕಿ, ಅಪ್ಪನ ಹೆಸರು ನೋಡುತ್ತಲೇ ಐದೂ ವಾಪಸು ಬಂದು, ಆರನೆಯದನ್ನು ಹಾಕಿ, ಈಗ ಸಿಮೆಂಟು ಅಂಗಡಿಯಲ್ಲಿ ನಿಲ್ಲುತ್ತಿದ್ದಳು. ಬೇಡ ಅನ್ನುವುದು ಸುಲಭ. ಆದರೆ ತಾಯಿಯೇ ಮಗಳ ಅನ್ನಕ್ಕೆ ಕಲ್ಲು ಹಾಕುವುದೇ? ಗಂಡನ ಹಟಕ್ಕೆ ಈ ಹುಡುಗಿ ಹುಟ್ಟಿದಾಗಿನಿಂದ ದಂಡ ತೆತ್ತದ್ದು ಸಾಲದೇ?

ಕಾಫಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಲೀಸೆಲ್ ಎಲ್ಲ ಕೇಳಿಸಿಕೊಂಡಿದ್ದಳು.

"ಅಮ್ಮ, ನನ್ನ ಮುಖ ನೋಡ್ಬೇಡ," ಅಂದಳು. "ಮುಚ್ಚಿಟ್ಟಿರೋದು ಅಪ್ಪನ ಮುಖ. ಅದನ್ನ ನೋಡು."

ಅಷ್ಟು ಸಾಕಾಯಿತು. ಫೆಲಿಸಾ ಅರ್ನುಲ್ಫೋನ ಕಡೆ ತಿರುಗಿದಳು. ನಿರ್ದೇಶಕರನ್ನು ಆ ಊರಿನಲ್ಲಿ ಯಾರೂ ಏಕವಚನದಲ್ಲಿ ಮಾತಾಡಿಸಿದ್ದಿಲ್ಲ.

"ಅರ್ನುಲ್ಫೋ, ನಾನು ಹೊರಗೆ ಹೋಗ್ತೀನಿ. ಬಾಗಿಲೂ ನಾನೇ ಹಾಕ್ತೀನಿ. ಆದ್ರೆ ಮೊದ್ಲು ಒಂದು ಮಾತು ಹೇಳು. ಕಂಬಿ ಸಣ್ಣ ಇತ್ತೋ, ಇರ್ಲಿಲ್ವೋ?"

"ಈಗ್ಯಾಕೆ ಅತ್ತಿಗೆ ಆ ಹಳೇ ಮಾತು..."

"ಹೆಮ್ಮೆ ಅಂದ್ಯಲ್ಲ, ಯಾವುದಕ್ಕೆ ಹೆಮ್ಮೆ? ಆ ಕ್ಯಾಮೆರಾಕ್ಕೆ ಹೇಳು. ಕಂಬಿ ಸಣ್ಣ ಇತ್ತು, ಪಿಲೋಯ್ ಹೇಳಿದ, ನಾವು ಕೇಳ್ಲಿಲ್ಲ ಅಂತ. ಹೇಳ್ಬಿಟ್ಟು ನೂರು ಸಲ ಕೂಗ್ಕೋ ಅವನ ಹೆಸರನ್ನ!"

ಅರ್ನುಲ್ಫೋ ಬಾರೋಂಗಿನ ಕತ್ತುಪಟ್ಟಿ ಸಡಿಲಿಸಿದ. ಕ್ಯಾಮೆರಾದವನು, ಪಾಪ, ಯಾರೂ ಹೇಳದೆಯೇ ಕ್ಯಾಮೆರಾ ಕೆಳಗಿಳಿಸಿದ.

"ಹೇಳೋಕಾಗಲ್ವಾ? ಸರಿ ಹಾಗಾದ್ರೆ."

ಅವಳು ಬಾವುಟದ ಒಂದು ತುದಿ ಹಿಡಿದಳು, ಲೀಸೆಲ್ ಇನ್ನೊಂದು ತುದಿ ಹಿಡಿದಳು. ಒಗೆದ ಬೆಡ್‌ಶೀಟು ಮಡಚುವಂತೆ ಇಬ್ಬರೂ ಸೇರಿ ಮಡಚಿ ಅವನ ಕೈಗಿಟ್ಟರು. ಪಿಲೋಯನ ಮುಖ ಮತ್ತೆ ಕಾಣಿಸಿತು.

"ಸೋಮವಾರದ ವಿಷಯ ಯೋಚಿಸಿ ಅತ್ತಿಗೆ," ಅಂದ ಅರ್ನುಲ್ಫೋ. ಈ ಸಲ ದನಿಯಲ್ಲಿ ಗದ್ಗದ ಇರಲಿಲ್ಲ. ಏಳೂ ಜನ ತಿರುಗಿ ಹೊರಟರು.

ಆಗ ಫೆಲಿಸಾ ನಡೆಯತೊಡಗಿದಳು. ಪ್ಲಾಸ್ಟಿಕ್ ಕುರ್ಚಿ ದಾಟಿ, ಹೊಸ್ತಿಲು ದಾಟಿ ಅಂಗಳಕ್ಕಿಳಿದಳು.

"ಅಯ್ಯೋ ದೇವರೇ! ಫೆಲಿಸಾ, ಕೂತ್ಕೋ!" ಪಾಸಿಂಗ್ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

ಅರ್ನುಲ್ಫೋ ಹಿಂತಿರುಗಿ ನೋಡಿದ. ಮುಖ ಬಿಳಿಚಿತು. "ಅತ್ತಿಗೆ, ಬರ್ಬೇಡಿ. ನಾವೇ ಹೋಗ್ತೀವಿ. ದಮ್ಮಯ್ಯ, ಬರ್ಬೇಡಿ!"

"ಛೆ, ಛೆ. ಇಪ್ಪತ್ತಾರು ವರ್ಷದ ಮೇಲೆ ಬಂದಿದೀರ. ಹಾಗೇ ಕಳಿಸೋದಾ?"

ಬಾರೋಂಗಿನವರು ದಾಪುಗಾಲು ಹಾಕಿದರು. ಕೊನೆಯಲ್ಲಿದ್ದ ದಪ್ಪನೆಯವನು ಓಡಿಯೇಬಿಟ್ಟ. ಫೆಲಿಸಾ ಮಾತ್ರ ನಿಧಾನವಾಗಿ ಗೇಟಿನವರೆಗೂ ನಡೆದಳು. ಅರ್ನುಲ್ಫೋ ಕೂತ ಮೇಲೆ ಗಾಡಿಯ ಬಾಗಿಲನ್ನು ತನ್ನ ಕೈಯಾರೆ ಹಾಕಿದಳು.

"ಹುಷಾರಾಗಿ ಹೋಗಿ ಬನ್ನಿ. ಬಾಲುಗೋ ದಾರಿ ಹಿಡೀಬೇಡಿ, ಅಲ್ಲಿ ಸೇತುವೆ ಇಲ್ಲ."

ಗಾಡಿಗಳು ತಿರುವಿನಲ್ಲಿ ಮರೆಯಾಗುವ ತನಕ ಅವಳು ಗೇಟಿನಲ್ಲೇ ನಿಂತಿದ್ದಳು. ಒಳಗೆ ಬಂದಾಗ ಲೀಸೆಲ್ ಗಾಜಿನ ಮೇಲಿನ ಧೂಳನ್ನು ತನ್ನ ಅಂಗಿಯ ತುದಿಯಿಂದ ಒರೆಸುತ್ತಿದ್ದಳು.

"ಅಮ್ಮ, ಸೋಮವಾರ ಬರ್ತೀನಿ ಅಂತ ಸಿಮೆಂಟು ಅಂಗಡಿಗೆ ಹೇಳ್ಬಿಡ್ತೀನಿ," ಅಂದಳು.

ಫೆಲಿಸಾ ತಲೆಯಾಡಿಸಿ ಕುರ್ಚಿಯಲ್ಲಿ ಕೂತಳು. ಆ ಸಂಜೆ ಮಿಕ್ಕ ಯಾರು ಹೊರಟರೂ ಅವಳು ಮೇಲೇಳಲಿಲ್ಲ.